ಮುದ್ದೆಗೆ ಸ್ನಾನ ಮಾಡಿಸಬೇಡಿ

ಕಳೆದ ಯುಗಾದಿ ದಿನ ಬೆಳಗ್ಗೆ ಆರೂವರೆಗೆ ಅಕ್ಕನ ಫೋನು. ಹಬ್ಬದ ದಿನ ಅಷ್ಟು ಬೇಗ ಫೋನ್ ಬಂದ್ರೆ ಎದೆ ಧಸಕ್ಕನೆ ಹೊಡ್ಕೊಳ್ಳುತ್ತೆ. ಎತ್ತಿದ್ರೆ ಅವಳು ಪಿಸುದನಿಯಲ್ಲಿ, "ಲೇ, ಮುದ್ದೆಗೆ ಒಂದೇ ಒಂದು ಸಲ ಬೆಚ್ಚಗಿನ ನೀರು ಹಾಕಿದ್ರೆ ಏನಾಗುತ್ತೋ? ಅತ್ತೆ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿದಾರೆ" ಅಂದ್ಲು.

ಮುದ್ದೆ ಅಂದ್ರೆ ಅವಳು ಸಾಕಿರೋ ಚಿಂಚಿಲ್ಲಾ. ನೋಡದೇ ಇರೋರಿಗೆ ಹೇಳ್ತೀನಿ: ಅಳಿಲಿನ ಬಾಲ, ಇಲಿಯ ಮೀಸೆ, ಮೊಲದ ಮೈ. ಬಣ್ಣ ಥೇಟ್ ರಾಗಿಮುದ್ದೆ, ಆಕಾರವೂ ಅದೇ. ಅದಕ್ಕೇ ಆ ಹೆಸರು. ಅಕ್ಕ ನನ್ನ ದೊಡ್ಡಮ್ಮನ ಮಗಳು, ಬೆಂಗಳೂರಲ್ಲಿ ಕೆಲಸ. ಗಂಡನ ಮನೆ ಹಿರಿಯೂರು. ಹಬ್ಬಕ್ಕೆ ಊರಿಗೆ ಹೊರಟಾಗ ಫ್ಲ್ಯಾಟಲ್ಲಿ ಅದನ್ನ ನೋಡ್ಕೊಳ್ಳೋರು ಯಾರೂ ಸಿಗಲಿಲ್ಲ, ಪಂಜರದ ಸಮೇತ ಕಾರಲ್ಲಿ ಹಾಕ್ಕೊಂಡು ಬಂದಿದ್ಲು. ಬೆಂಗಳೂರಿಂದ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ರಾತ್ರಿ ಬಂದಿಳಿದಾಗ ಅತ್ತೆ ಏನೂ ಅನ್ನಲಿಲ್ಲವಂತೆ. ಬೆಳಗ್ಗೆ ಎದ್ದವರೇ, "ಹಬ್ಬದ ದಿನ ಮನೆಯೋರೆಲ್ಲ ಎಣ್ಣೆಸ್ನಾನ ಮಾಡ್ತೀವಿ, ಅದಕ್ಕೂ ಎರಡು ಚೊಂಬು ಹಾಕು, ಆಮೇಲೆ ನಡುಮನೇಲಿ ಇಟ್ಕೋ" ಅಂದಿದಾರೆ. ಅಷ್ಟೇ. ಬೈದಿಲ್ಲ, ಹೊರಗೆ ಹಾಕು ಅಂದಿಲ್ಲ. ಆದ್ರೆ ಅಕ್ಕನದು ಲವ್ ಮ್ಯಾರೇಜು. ಕೋಳಿ ಸಾಕೋ ಮನೆಯಿಂದ ಮಡಿ ಮಾಡೋ ಮನೆಗೆ ಹೋಗಿರೋ ಸೊಸೆ. "ಅದಕ್ಕೆ ಸ್ನಾನ ಬೇಡ" ಅನ್ನೋ ಮಾತು ಅವಳ ಬಾಯಿಂದ ಬಂದ್ರೆ ಬೇರೆಯೇ ಅರ್ಥ ಬರುತ್ತೆ. "ನೀನೇ ಹೇಳೋ, ಇಂಜಿನಿಯರಿಂಗ್ ಓದ್ತಿದೀಯ, ನಿನ್ನ ಮಾತು ಕೇಳ್ತಾರೆ" ಅಂತ ಫೋನ್ ಮಾಡಿದ್ದು.

ಸಿವಿಲ್ ಐದನೇ ಸೆಮಿಸ್ಟರಿನೋನ ಮಾತಿಗೆ ಚಿಂಚಿಲ್ಲಾ ವಿಷಯದಲ್ಲಿ ಏನು ಬೆಲೆಯೋ ದೇವರಿಗೇ ಗೊತ್ತು. ಆದ್ರೆ ನಾನು "ಬೇಡ" ಅಂತ ಕೂಗಿದ್ದು ಓದಿನಿಂದಲ್ಲ. ನಾನು ಒಂದು ಮೊಲವನ್ನ ಸ್ನಾನ ಮಾಡಿಸಿ ಸಾಯಿಸಿದೀನಿ.

ಅದೂ ಯುಗಾದಿಯೇ. ನಾನಾಗ ಆರನೇ ಕ್ಲಾಸು. ಹೊಳಲ್ಕೆರೆ ಕಡೆ ನಮ್ಮ ಅಜ್ಜಿ ಊರು, ಮಾವ ಸಂತೆಯಿಂದ ಎರಡು ಬಿಳಿ ಮೊಲ ತಂದುಕೊಟ್ಟಿದ್ರು. ಹಬ್ಬದ ಬೆಳಗ್ಗೆ ನನಗೆ ತಲೆಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಬಿಸಿನೀರು ಹುಯ್ದ್ರಲ್ಲ, ನಾನೂ ಅದೇ ಬಚ್ಚಲಲ್ಲಿ ಒಂದು ಮೊಲಕ್ಕೆ ಸೋಪು ಹಚ್ಚಿ ನೀರು ಹುಯ್ದೆ. ಕೈಯಲ್ಲಿ ಒದ್ದಾಡಿತು. ಆಮೇಲೆ ಒದ್ದಾಟ ನಿಲ್ಲಿಸಿತು. ನಾನು ಅದಕ್ಕೆ ಹಾಯ್ ಅನ್ಸಿದೆ ಅಂದ್ಕೊಂಡೆ. ಟವೆಲಲ್ಲಿ ಸುತ್ತಿ ಬಿಸಿಲಿಗೆ ಇಟ್ಟೆ. ಹೋಳಿಗೆ ತಿಂದು ಬಂದು ನೋಡಿದ್ರೆ ಮೈಯೆಲ್ಲ ನಡುಕ, ಕಿವಿ ತಣ್ಣಗೆ. ಸಂಜೆ ಚಂದ್ರನ್ನ ನೋಡೋ ಹೊತ್ತಿಗೆ ಸತ್ತೋಗಿತ್ತು. ಸ್ನಾನ ಮಾಡಿಸದೇ ಬಿಟ್ಟಿದ್ದ ಇನ್ನೊಂದು ಮೊಲ ಅದರ ಪಕ್ಕದಲ್ಲೇ ಕೂತು ಮುಂಗಾಲು ನೆಕ್ಕಿ ಮುಖ ಒರೆಸ್ಕೊಳ್ತಿತ್ತು. ಆ ಚಿತ್ರ ನನಗೆ ಇವತ್ತಿಗೂ ಹೋಗಿಲ್ಲ. ಮೊಲ ಹೆದರಿಕೆಯಿಂದಲೇ ಆಘಾತಕ್ಕೆ ಹೋಗೋ ಪ್ರಾಣಿ, ಒದ್ದೆಯಾದ್ರೆ ಮೈ ಬಿಸಿ ಬೇಗ ಇಳಿಯುತ್ತೆ ಅಂತ ನಾನು ಓದಿ ತಿಳ್ಕೊಂಡಿದ್ದು ತುಂಬಾ ವರ್ಷ ಆದ್ಮೇಲೆ.

ಹಾಗಾಗಿ ಈ ಬರಹದಲ್ಲಿ ನನ್ನ ವಾದ ಒಂದೇ. ಪ್ರಾಣಿಗೆ ತನ್ನದೇ ಆದ ಶುಚಿಯ ಕ್ರಮ ಇರುತ್ತೆ. ಸಾಕೋರ ಕೆಲಸ ಅದಕ್ಕೆ ಬೇಕಾದ ಸಾಮಾನು ಕೊಟ್ಟು ಪಕ್ಕಕ್ಕೆ ಸರಿಯೋದು. ನಮ್ಮ ಬಚ್ಚಲನ್ನ ಅದರ ಮೇಲೆ ಹೇರೋದಲ್ಲ.

ಈಗ ಚಿಂಚಿಲ್ಲಾ ವಿಷಯ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಒಣ ಗಾಳಿ, ರಾತ್ರಿ ಕೊರೆಯೋ ಚಳಿ, ಕಲ್ಲು ಪೊಟರೆ. ನೀರಲ್ಲಿ ಮುಳುಗಿ ಏಳೋ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ಚಳಿ ತಡೆಯೋಕೆ ಅದರ ಮೈಮೇಲೆ ಬೆಳೆದಿರೋ ತುಪ್ಪಟ ಎಂಥದ್ದು ಅಂದ್ರೆ, ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೋ ಎರಡೋ ಮೂರೋ ಕೂದಲು ಬಂದ್ರೆ ಅದಕ್ಕೆ 50-60 ಬರುತ್ತೆ. ಒಂದು ಚದರ ಸೆಂಟಿಮೀಟರಿಗೆ ಸುಮಾರು 20,000 ಕೂದಲು. ಊದಿದ್ರೂ ಒಳಗಿನ ಚರ್ಮ ಕಾಣೋದು ಕಷ್ಟ.

ಆ ತುಪ್ಪಟವೇ ಅದಕ್ಕೆ ಮುಳುವಾಯ್ತು. ಶ್ರೀಮಂತರ ಕೋಟಿಗೋಸ್ಕರ ಲಕ್ಷಗಟ್ಟಲೆ ಕೊಂದರು. 1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ಸೇರಿ ಬೇಟೆ ನಿಲ್ಲಿಸೋ ಒಪ್ಪಂದ ಮಾಡ್ಕೊಳ್ಳೋ ಹೊತ್ತಿಗೆ ಕಾಡಲ್ಲಿ ಹುಡುಕಿದ್ರೂ ಸಿಗದಂಗೆ ಆಗಿತ್ತು. ಇವತ್ತು ಮನೆಗಳಲ್ಲಿರೋ ಚಿಂಚಿಲ್ಲಾಗಳಲ್ಲಿ ಬಹುಪಾಲು 1923ರಲ್ಲಿ ಮಥಿಯಾಸ್ ಚಾಪ್‌ಮನ್ ಅನ್ನೋನು ಚಿಲಿಯಿಂದ ಕ್ಯಾಲಿಫೋರ್ನಿಯಾಗೆ ತಂದ ಹನ್ನೊಂದೋ ಹನ್ನೆರಡೋ ಪ್ರಾಣಿಗಳ ಸಂತತಿ ಅಂತಾರೆ. ಈ ಚಾಪ್‌ಮನ್ ಯಾರು ಗೊತ್ತಾ? ತಾಮ್ರದ ಗಣಿಯಲ್ಲಿದ್ದ ಮೈನಿಂಗ್ ಇಂಜಿನಿಯರು! ಬೆಟ್ಟದಿಂದ ಒಂದೇ ಸಲ ಇಳಿಸಿದ್ರೆ ಸಾಯುತ್ತೆ ಅಂತ ಹಂತ ಹಂತವಾಗಿ, ತಿಂಗಳುಗಟ್ಟಲೆ ತಡೆದು ಇಳಿಸಿದ. ಹಡಗಲ್ಲಿ ಪಂಜರದ ಸುತ್ತ ಐಸ್ ಇಟ್ಕೊಂಡು ಬಂದ. ಅವನು ತಂದದ್ದೂ ತುಪ್ಪಟದ ವ್ಯಾಪಾರಕ್ಕೇ ಅನ್ನಿ, ಪುಣ್ಯಕ್ಕಲ್ಲ. ಆದ್ರೂ ಪ್ರಾಣಿಗೆ ಏನು ಬೇಕು ಅಂತ ಮೊದಲು ತಿಳ್ಕೊಂಡು ಆಮೇಲೆ ಪ್ಲಾನ್ ಮಾಡಿದ್ದನ್ನ ಮೆಚ್ಚಲೇಬೇಕು.

ಇಂಥ ಮೈಗೆ ನೀರು ಬಿದ್ರೆ ಏನಾಗುತ್ತೆ ಅಂತ ನಮ್ಮ ಜಿಲ್ಲೆಯೋರಿಗೆ ವಿವರಿಸೋದು ಸುಲಭ. ಮಳೇಲಿ ನೆನೆದ ಚಳ್ಳಕೆರೆ ಕಂಬಳಿ ಎತ್ತಿ ನೋಡಿದೀರಾ? ಮೂರು ದಿನ ಹರಡಿದ್ರೂ ಒಳಗೆ ತೇವ, ಒಂಥರಾ ಮುಗ್ಗಲು ವಾಸನೆ. ಅದೇ ಕಂಬಳಿಯನ್ನ ಬಿಚ್ಚಿಡೋಕಾಗದೆ ಮೈಮೇಲೇ ಹೊತ್ತಿರೋ ಜೀವ ಅಂದ್ಕೊಳ್ಳಿ. ಹೊರಗೆ ಒಣಗಿದಂಗೆ ಕಂಡ್ರೂ ಬುಡದಲ್ಲಿ ತೇವ ಉಳಿಯುತ್ತೆ. ಮೊದಲು ಚಳಿ, ಆಮೇಲೆ ಬೂಷ್ಟು. ಹುಳುಕಡ್ಡಿ ಅಂತೀವಲ್ಲ, ಆ ಶಿಲೀಂಧ್ರ ಚಿಂಚಿಲ್ಲಾಗೂ ಬರುತ್ತೆ. ಮೂಗು, ಕಣ್ಣು, ಕಿವಿಯ ಸುತ್ತ ದುಂಡಗೆ ಕೂದಲು ಉದುರುತ್ತೆ, ಮುಟ್ಟಿದ ನಮ್ಮ ಕೈಗೂ ಅಂಟುತ್ತೆ. ಶುಚಿಗೆ ಅಂತ ಹಾಕಿದ ನೀರೇ ಮನೆಗೆ ರೋಗ ತಂದಂಗಾಯ್ತು.

ಹಾಗಾದ್ರೆ ಅದು ಕೊಳಕಾಗೇ ಇರುತ್ತಾ? ಇಲ್ಲ. ಅದರ ಸ್ನಾನ ಧೂಳಲ್ಲಿ. ಜ್ವಾಲಾಮುಖಿಯ ನುಣ್ಣನೆ ಬೂದಿಯಂಥ ಮಣ್ಣಲ್ಲಿ ಉರುಳಾಡುತ್ತೆ. ಪುಡಿ ಕೂದಲ ಬುಡಕ್ಕೆ ಇಳಿದು ಜಿಡ್ಡು, ಬೆವರಿನಂಥ ತೇವ ಎಲ್ಲ ಹೀರುತ್ತೆ. ಆಮೇಲೆ ಮೈ ಕೊಡವಿದ್ರೆ ಜಿಡ್ಡಿನ ಸಮೇತ ಹೊರಗೆ. ಇದನ್ನ ಪವಾಡ ಅಂದ್ಕೊಬೇಡಿ. ಫಸ್ಟ್ ಇಯರ್ ವರ್ಕ್‌ಶಾಪಲ್ಲಿ ಲೇತ್ ಕೆಳಗೆ ಆಯಿಲ್ ಚೆಲ್ಲಿದಾಗ ಅಟೆಂಡರ್ ಅಣ್ಣ ನೀರು ಹಾಕಿ ತೊಳೆದ್ರಾ? ಮರದ ಹೊಟ್ಟು ಚೆಲ್ಲಿ, ಐದು ನಿಮಿಷ ಬಿಟ್ಟು ಗುಡಿಸಿದ್ರು. ಎಣ್ಣೆಸ್ನಾನಕ್ಕೆ ಕಡಲೆಹಿಟ್ಟು ಹಚ್ತೀವಲ್ಲ, ಅಲ್ಲೂ ಜಿಡ್ಡು ಎಳೆಯೋದು ಪುಡಿಯೇ. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಜಾಸ್ತಿ, ಹೀರೋ ಶಕ್ತಿ ಜಾಸ್ತಿ. ಮುಲ್ತಾನಿ ಮಿಟ್ಟಿಯ ಇಂಗ್ಲಿಷ್ ಹೆಸರು ಫುಲ್ಲರ್ಸ್ ಅರ್ತ್. ಫುಲ್ಲರ್ ಅಂದ್ರೆ ಹಿಂದೆ ಉಣ್ಣೆ ಬಟ್ಟೆಯ ಜಿಡ್ಡು ತೆಗೀತಿದ್ದ ಕಸುಬಿನೋನು. ಉಣ್ಣೆಗೂ ಮಣ್ಣಿಗೂ ನಂಟು ಹಳೇದು.

ನಮ್ಮಜ್ಜಿಗೆ ಇದ್ಯಾವುದೂ ಓದಿ ಗೊತ್ತಿರಲಿಲ್ಲ. ಆದ್ರೆ ಕಾವಿಗೆ ಕೂತ ಕೋಳಿಯ ಬುಟ್ಟಿಗೆ ಒಲೆ ಬೂದಿ ಉದುರಿಸ್ತಿದ್ರು, ಹೇನು ಆಗಬಾರದು ಅಂತ. ಕೋಳಿ ತಿಪ್ಪೆ ಪಕ್ಕ ಗುಂಡಿ ಮಾಡಿ, ರೆಕ್ಕೆ ಕೆದರಿ, ಕಣ್ಣು ಅರ್ಧ ಮುಚ್ಚಿ ಮಣ್ಣೆರಚ್ಕೊಳ್ಳೋವಾಗ ನಾವು ಓಡಿಸೋಕೆ ಹೋದ್ರೆ, "ಬಿಡ್ರಲೇ, ಅದು ಮೈ ತೊಳ್ಕೊಳ್ತೈತೆ" ಅಂತ ಗದರ್ತಿದ್ರು. ಗುಬ್ಬಿ ಮಣ್ಣಲ್ಲಿ ಹೊರಳಾಡಿದ್ರೆ ಮಳೆ ಬರುತ್ತೆ ಅಂತಲೂ ಹೇಳ್ತಿದ್ರು. ಮಳೆ ಬಂದಿದ್ದು ಕಮ್ಮಿ, ನಮ್ಮ ಜಿಲ್ಲೆ ನಿಮಗೆ ಗೊತ್ತಲ್ಲ.

ಕೋಳಿಯ ಈ ಸ್ನಾನದ ಬಗ್ಗೆ ಡೆನ್ಮಾರ್ಕಿನ ಕ್ಲಾಸ್ ವೆಸ್ಟರ್‌ಗಾರ್ಡ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಹೆಚ್ಚುಕಮ್ಮಿ ಎರಡು ದಿನಕ್ಕೊಂದು ಸಲ, ನಡುಮಧ್ಯಾಹ್ನದ ಹೊತ್ತಲ್ಲಿ, ಅರ್ಧ ಗಂಟೆ ಹತ್ತಿರ. ನನಗೆ ಓದಿ ಹೊಟ್ಟೆ ತೊಳಸಿದ ಸಂಗತಿ ಇನ್ನೊಂದಿದೆ. ಮಣ್ಣೇ ಇಲ್ಲದ ತಂತಿ ಪಂಜರದಲ್ಲಿಟ್ಟ ಕೋಳಿಯೂ ಆ ಹೊತ್ತಿಗೆ ಕೂತು, ಬರಿ ತಂತಿಯ ಮೇಲೇ ರೆಕ್ಕೆ ಬಡಿದು, ಇಲ್ಲದ ಮಣ್ಣನ್ನ ಮೈಮೇಲೆ ಎರಚ್ಕೊಳ್ಳೋ ಹಾಗೆ ಮಾಡುತ್ತೆ. ಯುರೋಪಿನ ದೇಶಗಳು 1999ರಲ್ಲಿ ಕಾನೂನು ಮಾಡಿ, 2012ರಿಂದ ಬರಿ ತಂತಿ ಪಂಜರ ನಿಷೇಧಿಸಿದವು. ಕೋಳಿಗೆ ಕೆದಕೋಕೆ ಏನಾದ್ರೂ ಇರಲೇಬೇಕು ಅಂದವು. ನಮ್ಮೂರ ತಿಪ್ಪೆಯಲ್ಲಿ ಬಿಟ್ಟಿ ಸಿಗೋ ಭಾಗ್ಯಕ್ಕೆ ಅಲ್ಲಿ ಕಾಯ್ದೆ ಬೇಕಾಯ್ತು.

ಮತ್ತೆ ಹಿರಿಯೂರಿಗೆ ಬರ್ತೀನಿ. ವಿಡಿಯೋ ಕಾಲಲ್ಲಿ ಅತ್ತೆ ಬಂದ್ರು. ನಾನು ಕೂದಲ ಲೆಕ್ಕ ಹೇಳಿದೆ, ಆಂಡೀಸ್ ಹೇಳಿದೆ, ಹುಳುಕಡ್ಡಿ ಹೇಳಿದೆ. ಎಲ್ಲಾ ಕೇಳಿ, "ಅದೆಲ್ಲ ಸರಿ ಕಣಪ್ಪ, ಸ್ನಾನ ಮಾಡದೇ ಇರೋದು ಮನೆಯೊಳಗೆ, ದೇವರ ಕೋಣೆ ಪಕ್ಕ ಓಡಾಡೋದು ಹೇಗೆ?" ಅಂದ್ರು. ಈ ಪ್ರಶ್ನೆಯನ್ನ ನಾನು ಹಗುರ ಮಾಡಲ್ಲ. ಮನೇಲಿ ಎರಡು ವರ್ಷದ ಮೊಮ್ಮಗು ಇತ್ತು. ಪ್ರಾಣಿ ಮುಟ್ಟಿದ ಕೈ ಬಾಯಿಗೆ ಹೋಗುತ್ತೆ. ಅವರ ಭಾಷೆಯಲ್ಲಿ ಅದು ಮಡಿ, ನಮ್ಮ ಭಾಷೆಯಲ್ಲಿ ಹೈಜೀನ್. ಎರಡರ ಕೆಳಗೂ ಇರೋ ಭಯ ಒಂದೇ.

ಅವರ ಹಿಂದೆ ಗೂಟಕ್ಕೆ ಕೆಂಪು ಅಂಚಿನ ಧಾಬಳಿ ನೇತಾಡ್ತಿತ್ತು. ಅದು ನೋಡಿ ಬಾಯಿಗೆ ಬಂದಿದ್ದು: "ಅಮ್ಮ, ಪೂಜೆಗೆ ಉಟ್ಕೊಳ್ಳೋ ಧಾಬಳೀನ ದಿನಾ ನೀರಲ್ಲಿ ಹಿಂಡ್ತೀರಾ?"

"ಅದ್ಯಾಕೆ? ಧಾಬಳಿಗೆ, ಪಟ್ಟೆಗೆ ಮೈಲಿಗೆ ಇಲ್ಲ. ಕೊಡವಿ ಬಿಸಿಲಿಗೆ ಹಾಕಿದ್ರೆ ಆಯ್ತು."

"ಇದೂ ಉಣ್ಣೇನೇ ಅಮ್ಮ. ಜೀವ ಇರೋ ಧಾಬಳಿ."

ಆ ಕಡೆ ಅಕ್ಕ ನಗು ತಡ್ಕೊಳ್ಳೋಕಾಗದೆ ಒಳಗೆ ಹೋದ್ಲು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಯಿ ಚೆನ್ನಾಗಿದೆ ನಿಂದು" ಅಂದ್ರು. ಹಂಡೆ ನೀರು ಭಾವನ ಪಾಲಿಗೆ ಹೋಯ್ತು.

ನನ್ನ ಗೆಳೆಯರು ಕೆಲವರು ಈ ಕಥೆ ಕೇಳಿ, "ಮೂಢನಂಬಿಕೆಗೆ ಮೂಢನಂಬಿಕೆಯಿಂದಲೇ ಉತ್ತರ ಕೊಟ್ಟೆಯಲ್ಲೋ" ಅಂತ ಆಡ್ಕೊಂಡ್ರು. ನನಗೆ ಹಾಗನ್ಸಲ್ಲ. ಉಣ್ಣೆಗೆ ನೀರಿಗಿಂತ ಗಾಳಿ-ಬಿಸಿಲು ಒಳ್ಳೇದು ಅನ್ನೋ ಅನುಭವ ಆ ಮಡಿಯೊಳಗೇ ಇತ್ತು. ಅದನ್ನೇ ತೆಗೆದು ತೋರಿಸಿದೆ ಅಷ್ಟೇ. ನಿಜ ಹೇಳ್ಬೇಕು ಅಂದ್ರೆ ಈ ವಿಷಯದಲ್ಲಿ ಅತ್ತೆಗಿಂತ ದೊಡ್ಡ ತೊಂದರೆ ರೀಲ್ಸು. ಸಿಂಕಲ್ಲಿ ನೊರೆ ತುಂಬಿ, ಹ್ಯಾಮ್‌ಸ್ಟರನ್ನೋ ಚಿಂಚಿಲ್ಲಾವನ್ನೋ ಅಂಗಾತ ಮಲಗಿಸಿ, ಹಿಂದೆ ಹಾಡು ಹಾಕಿರ್ತಾರೆ. ಅದು ಅಲ್ಲಾಡದೆ ಬಿದ್ದಿರುತ್ತೆ, ಕೆಳಗೆ "ಎಷ್ಟು ಎಂಜಾಯ್ ಮಾಡ್ತಿದೆ" ಅಂತ ಕಾಮೆಂಟು. ನನ್ನ ಮೊಲವೂ ಹಾಗೇ ಎಂಜಾಯ್ ಮಾಡಿತ್ತು. ಅಕ್ಕ "ಒಂದೇ ಸಲ ಹಾಕಿದ್ರೆ?" ಅಂತ ಕೇಳಿದ್ದಕ್ಕೆ ಅರ್ಧ ಕಾರಣ ಅತ್ತೆ, ಇನ್ನರ್ಧ ಇಂಥ ವಿಡಿಯೋಗಳು.

ಮಾರನೇ ದಿನ, ವರ್ಷತೊಡಕಿಗೆ, ನಾನೇ ಹಿರಿಯೂರಿಗೆ ಹೋದೆ. ಸಂಜೆ ಹೊತ್ತಿಗೆ ಮುದ್ದೆಯ ಸ್ನಾನ. ಅತ್ತೆಯೇ ಅಟ್ಟದಿಂದ ಹಳೇ ಅಗಲದ ಸ್ಟೀಲ್ ದಬರಿ ಇಳಿಸಿಕೊಟ್ರು. ಅಕ್ಕ ಡಬ್ಬಿಯಿಂದ ಎರಡು ಬೆರಳು ಎತ್ತರಕ್ಕೆ ಪುಡಿ ಹಾಕಿ, ದಬರಿಯನ್ನ ರಟ್ಟಿನ ಪೆಟ್ಟಿಗೆಯೊಳಗಿಟ್ಟು, ಮುದ್ದೆಯನ್ನ ಬಿಟ್ಲು. ಮೊದಲು ಮೂಸಿತು. ಮುಂಗಾಲಲ್ಲಿ ಎರಡು ಸಲ ಕೆದಕಿತು. ಆಮೇಲೆ ನೋಡ್ಬೇಕಿತ್ತು! ಈ ಮಗ್ಗುಲಿಂದ ಆ ಮಗ್ಗುಲಿಗೆ ಗಿರ್ರಂತ ಉರುಳಿ, ಎದ್ದು ಕೊಡವಿ, ಮತ್ತೆ ಉರುಳಿ. ಪುಡಿ ಹೊಗೆಯಂಗೆ ಎದ್ದಿತು. ಮಗು ಚಪ್ಪಾಳೆ ತಟ್ಟಿತು. ಅತ್ತೆ ಸೆರಗು ಮೂಗಿಗೆ ಹಿಡ್ಕೊಂಡು, "ಕತ್ತೆ ಬೂದೀಲಿ ಹೊರಳಿದಂಗೆ ಹೊರಳ್ತಲ್ಲೇ" ಅಂದ್ರು, ಆದ್ರೆ ಮುಗಿಯೋವರೆಗೂ ಅಲ್ಲಿಂದ ಕದಲಲಿಲ್ಲ. ಹತ್ತು ನಿಮಿಷ. ದಬರಿ ಎತ್ತಿಟ್ಟಾಯ್ತು.

ಆ ಎತ್ತಿಡೋದು ಮುಖ್ಯ. ತುಂಬಾ ಜನ ಪುಡಿಯ ಬಟ್ಟಲನ್ನ ಪಂಜರದಲ್ಲೇ ಬಿಟ್ಟುಬಿಡ್ತಾರೆ. ಆಗ ಅದು ಅಲ್ಲೇ ಉಚ್ಚೆ ಹುಯ್ಯುತ್ತೆ, ಅದರಲ್ಲೇ ಮಲಗುತ್ತೆ, ದಿನವಿಡೀ ಧೂಳು ಕಣ್ಣಿಗೆ ಬಿದ್ದು ಕಣ್ಣು ಕೆಂಪಾಗಿ ನೀರು ಸುರಿಯುತ್ತೆ. ವಾರಕ್ಕೆ ಎರಡರಿಂದ ನಾಲ್ಕು ಸಲ, ಒಂದು ಸಲಕ್ಕೆ ಹತ್ತು-ಹದಿನೈದು ನಿಮಿಷ ಸಾಕು. ಚಿಂಚಿಲ್ಲಾ ರಾತ್ರಿ ಜೀವಿ, ಹಾಗಾಗಿ ಸಂಜೆ ಒಳ್ಳೇ ಹೊತ್ತು. ಮಳೆಗಾಲದ ತೇವದಲ್ಲಿ ತುಪ್ಪಟ ಗಂಟುಗಂಟಾಗಿ ಜಿಡ್ಡು ಕಂಡ್ರೆ ಒಂದೆರಡು ಸಲ ಜಾಸ್ತಿ ಕೊಡಬಹುದು. ಚರ್ಮ ಒಣಗಿ ಹೊಟ್ಟು ಎದ್ರೆ ಕಮ್ಮಿ ಮಾಡ್ಬೇಕು. ಉಳಿದ ಪುಡಿಯನ್ನ ಟೀ ಸೋಸೋ ಜಾಲರಿಯಲ್ಲಿ ಜಾಲಿಸಿ ಹಿಕ್ಕೆ ತೆಗೆದು ಕೆಲವು ಸಲ ಬಳಸಬಹುದು. ಗಂಟು ಕಟ್ಟಿದ್ರೆ, ವಾಸನೆ ಬಂದ್ರೆ ಎಸೀರಿ. ಮನೇಲಿ ಉಬ್ಬಸ ಇರೋರಿದ್ರೆ ಈ ಕೆಲಸ ಬಾಲ್ಕನಿ ಬಾಗಿಲ ಹತ್ತಿರ ಮಾಡಿ, ಅವರ ಮಂಚದ ಪಕ್ಕ ಅಲ್ಲ.

ಭಾವ ಅಲ್ಲಿ ಒಂದು ಪಾಯಿಂಟ್ ಎತ್ತಿದ್ರು. ಆ ಪುಡಿಗೆ ದುಡ್ಡು ಯಾಕೆ, ನಮ್ಮ ಜಿಲ್ಲೇಲಿ ಧೂಳಿಗೇನು ಬರವಾ ಅಂತ. ಒಳ್ಳೇ ಪ್ರಶ್ನೆ, ಸಾಯಿಲ್ ಮೆಕ್ಯಾನಿಕ್ಸ್ ಲ್ಯಾಬ್ ಮುಗಿಸಿದ ನನಗೆ ಹಬ್ಬ! ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಮಣ್ಣು ಗ್ರಾನೈಟ್, ನೈಸ್ ಕಲ್ಲು ಸವೆದು ಆಗಿದ್ದು. ಅದರಲ್ಲಿ ಬೆಣಚುಕಲ್ಲಿನ ಚೂಪು ಹರಳು ಜಾಸ್ತಿ. ಲ್ಯಾಬಲ್ಲಿ 75 ಮೈಕ್ರಾನ್ ಜಾಲರಿಗೆ ಹಾಕಿ ಅಲ್ಲಾಡಿಸಿದ್ರೆ ಎಷ್ಟು ಮರಳು ಮೇಲೇ ಉಳಿಯುತ್ತೆ ಅಂತ ನೀವೂ ನೋಡಿದೀರ. ಅಂಥ ಹರಳು ಕೂದಲನ್ನ ತುಂಡರಿಸುತ್ತೆ, ಬುಡದವರೆಗೂ ಇಳಿಯಲ್ಲ. ಹಿರಿಯೂರು ಕಡೆಯ ಎರೆಮಣ್ಣು ನುಣ್ಣಗಿದೆ ನಿಜ, ಆದ್ರೆ ಸ್ವಲ್ಪ ತೇವ ಸಿಕ್ಕಿದ್ರೆ ಉಬ್ಬಿ ಅಂಟ್ಕೊಳ್ಳುತ್ತೆ. ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿದೋರ ಚಪ್ಪಲಿ ಕೇಳಿ, ಹೇಳುತ್ತೆ. ಇನ್ನು ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡೋ ರಸ್ತೆಯ ಧೂಳು ಅಡಿಕೆ ಗರಿಗೇ ಬೇಡವಾಗಿದೆ. ಹೊಲದ ಮಣ್ಣಲ್ಲಿ ಹುಳದ ಮೊಟ್ಟೆ, ಔಷಧಿ ಅಂಶ ಬೇರೆ ಇರಬಹುದು. ಕೋಳಿಗೆ ತಿಪ್ಪೆ ಮಣ್ಣು ಸರಿ, ಅದು ಅಲ್ಲೇ ಹುಟ್ಟಿ ಬೆಳೆದ ಜೀವ. ಚಿಂಚಿಲ್ಲಾಗೆ ಅದಕ್ಕಂತಲೇ ಮಾಡಿದ ನುಣ್ಣನೆ ಪುಡಿಯೇ ಆಗಬೇಕು. ಬೇಬಿ ಪೌಡರ್ ಬೇಡ. ಗುಲಾಬಿ ಘಮ ಹಾಕಿದ ಮುಲ್ತಾನಿ ಮಿಟ್ಟಿಯೂ ಬೇಡ.

ವಾಸನೆ ಬರುತ್ತೆ ಅದಕ್ಕೇ ಸ್ನಾನ ಮಾಡಿಸ್ತೀವಿ ಅನ್ನೋರಿಗೆ ಒಂದು ಮಾತು. ಪ್ರಾಣಿ ಮೂಸಿ ನೋಡಿ, ಆಮೇಲೆ ಪಂಜರದ ಟ್ರೇ ಮೂಸಿ ನೋಡಿ. ವಾಸನೆ ಯಾವಾಗಲೂ ಎರಡನೇದರಲ್ಲಿ. ಒದ್ದೆ ಮೂಲೆಯನ್ನ ದಿನಾ ತೆಗೆದು, ವಾರಕ್ಕೊಮ್ಮೆ ಹಾಸು ಪೂರ್ತಿ ಬದಲಿಸಿ, ಟ್ರೇ ತೊಳೆದು ಚೆನ್ನಾಗಿ ಒಣಗಿಸಿ ಇಟ್ರೆ ಮುಗೀತು. ನೀರಿನ ಬಾಟಲಿ ತೊಟ್ಟಿಕ್ಕುತ್ತಾ ನೋಡ್ಕೊಳ್ಳಿ, ಎಷ್ಟೋ ಸಲ ಒದ್ದೆಗೆ ಅದೇ ಕಾರಣ. ತೊಳೆಯಬೇಕಾದ್ದು ಮನೆ. ಮನೆಯ ಯಜಮಾನನ್ನಲ್ಲ. ಅಕಸ್ಮಾತ್ ಯಜಮಾನನೇ ಒದ್ದೆಯಾದ್ರೆ? ಒಣ ಟವೆಲಲ್ಲಿ ಒತ್ತಿ ಒತ್ತಿ ಒರೆಸಿ, ಗಾಳಿ ಬೀಸದ ಕಡೆ ಇಡಿ. ಬಿಸಿ ಹೇರ್ ಡ್ರೈಯರ್ ಹಿಡೀಬೇಡಿ. ಪೂರ್ತಿ ಒಣಗೋ ತನಕ ಪುಡಿ ಕೊಡಬೇಡಿ, ಕೆಸರಾಗುತ್ತೆ. ಗಬಕ್ಕನೆ ಹಿಡಿಯೋಕೂ ಹೋಗಬೇಡಿ. ಹೆದರಿದ್ರೆ ಹಿಡಿದ ಕಡೆ ಹಿಡಿ ತುಪ್ಪಟ ಕೈಗೇ ಬಿಟ್ಟು ಓಡುತ್ತೆ.

ಇಷ್ಟೆಲ್ಲಾ ಹೇಳಿದ ಮೇಲೆ, ಅಕ್ಕನ ಎದುರೇ ಹೇಳಿದ ಮಾತನ್ನ ಇಲ್ಲೂ ಹೇಳಿಬಿಡ್ತೀನಿ. ನಮ್ಮ ಸೀಮೆಗೆ ಚಿಂಚಿಲ್ಲಾ ತರಲೇಬಾರದು. ಸ್ನಾನದ ಸಮಸ್ಯೆ ಪುಡಿಯಿಂದ ಬಗೆಹರಿಯುತ್ತೆ, ಸೆಕೆಯದ್ದು ಬಗೆಹರಿಯಲ್ಲ. ಅದಕ್ಕೆ ಹಿತ ಅನ್ಸೋದು 20 ಡಿಗ್ರಿ ಆಸುಪಾಸು. 25 ದಾಟಿದ್ರೆ ಕಷ್ಟ ಶುರು, ಇನ್ನೂ ಏರಿದ್ರೆ ಬಿಸಿಲಾಘಾತಕ್ಕೆ ಸಾಯುತ್ತೆ. ನಮ್ಮಂಗೆ ಬೆವರೋ ವ್ಯವಸ್ಥೆ ಅದಕ್ಕಿಲ್ಲ, ಮೈತುಂಬಾ ಕಂಬಳಿ ಬೇರೆ. ಹಿರಿಯೂರಲ್ಲಿ ಏಪ್ರಿಲ್ ಮಧ್ಯಾಹ್ನ ಎಷ್ಟಿರುತ್ತೆ ಅಂತ ನಾನು ಹೇಳ್ಬೇಕಾ? ಅವತ್ತು ಅವರ ಮನೇಲಿ ಕರೆಂಟ್ ಎರಡು ಸಲ ಹೋಯ್ತು. ಎರಡು ಸಲವೂ ಅಕ್ಕ ಊಟ ಬಿಟ್ಟು ಎದ್ದು ಹೋಗಿ ಅದರ ಕಿವಿ ಕೆಂಪಾಗಿದೆಯಾ ಅಂತ ನೋಡಿ ಬಂದ್ಲು. ಭಾವ ಹಿತ್ತಲಲ್ಲಿದ್ದ ಗ್ರಾನೈಟ್ ತುಂಡೊಂದನ್ನ ಫ್ರಿಜ್ಜಲ್ಲಿಟ್ಟು ತಂಪು ಮಾಡಿ ಪಂಜರದೊಳಗಿಟ್ರು, ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿತು. ಇಂಥ ಹೊತ್ತಲ್ಲೇ ಜನ ತಂಪಾಗಲಿ ಅಂತ ನೀರು ಚಿಮುಕಿಸೋದು. ಅದು ಇನ್ನೊಂದು ತಪ್ಪು. ಅಕ್ಕ ಎರಡು ದಿನ ಇರೋ ಪ್ಲಾನ್ ಬಿಟ್ಟು ಅವತ್ತು ರಾತ್ರಿಯೇ ತಂಪು ಹೊತ್ತಲ್ಲಿ ಬೆಂಗಳೂರಿಗೆ ಹೊರಟ್ಲು. ಸೊಸೆ ಇಲಿಗೋಸ್ಕರ ಹಬ್ಬ ಬಿಟ್ಟು ಹೋದ್ಲು ಅಂತ ನೆಂಟರು ಆಡ್ಕೊಂಡಿರ್ತಾರೆ. ಆಡ್ಕೊಳ್ಳಲಿ.

ಮತ್ತೆ ಇದು ಒಂದೆರಡು ವರ್ಷದ ಮಾತಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಚಿಂಚಿಲ್ಲಾ 15-20 ವರ್ಷ ಬದುಕುತ್ತೆ. ನಮ್ಮ ಬಿಇ ನಾಲ್ಕು ವರ್ಷ, ಬ್ಯಾಕ್ ಇದ್ರೂ ಐದು. ಕಾಯಿಲೆ ಬಿದ್ರೆ ಇಲ್ಲಿನ ಪಶು ಆಸ್ಪತ್ರೆಗಳಿಗೆ ದನ, ಕುರಿ, ಎಮ್ಮೆ ಅಭ್ಯಾಸ. ಹತ್ತಿರದ ವೆಟರ್ನರಿ ಕಾಲೇಜು ಶಿವಮೊಗ್ಗದಲ್ಲಿ, ಇಲ್ಲಾಂದ್ರೆ ಬೆಂಗಳೂರಿನ ಹೆಬ್ಬಾಳ. ಆರುನೂರು ಗ್ರಾಂ ಪ್ರಾಣಿಯನ್ನ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಸೆಕೆಯಲ್ಲಿ ಒಯ್ಯೋದನ್ನ ಊಹಿಸ್ಕೊಳ್ಳಿ.

ನಾನು ನೀರಿನ ವಿರೋಧಿ ಅಂತ ತಿಳ್ಕೊಬೇಡಿ. ಎಮ್ಮೆಗೆ ನೀರು ಬೇಕೇ ಬೇಕು, ಬೇಸಿಗೆಯಲ್ಲಿ ಅದನ್ನ ಕೆರೆಗೆ ಬಿಡದಿದ್ರೆ ಹಾಲು ಇಳಿಯುತ್ತೆ. ಕುರಿ ಕಾಯೋರು ಉಣ್ಣೆ ಕತ್ತರಿಸೋ ಮೊದಲು ಕುರಿಯ ಮೈ ತೊಳೀತಾರೆ, ಆದ್ರೆ ಚೆನ್ನಾಗಿ ಒಣಗದೆ ಕತ್ತರಿ ಹಾಕಲ್ಲ. ಮಾರಿಕಣಿವೆ ಡ್ಯಾಮು 1933ರಲ್ಲಿ ತುಂಬಿದ್ದು ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 89 ವರ್ಷ ಕಳೆದು 2022ರಲ್ಲಿ. ಅವತ್ತು ನೋಡೋಕೆ ಹೋದ ಜನಸಾಗರದಲ್ಲಿ ನಾನೂ ಇದ್ದೆ. ನೀರಿನ ಬೆಲೆ ಗೊತ್ತಿರೋ ಊರಿನೋನೇ ನಾನು. ಯಾವ ಜೀವಕ್ಕೆ ಯಾವ ಸ್ನಾನ ಅಂತ ಕೇಳ್ಕೊಂಡು ಚೊಂಬು ಎತ್ತಿ ಅಂತಿದೀನಿ.

ಯಾಕೆ ಇದನ್ನ ನಮ್ಮ ಪತ್ರಿಕೆಗೇ ಬರೀತಿದೀನಿ ಅಂದ್ರೆ, ಚಿಂಚಿಲ್ಲಾ ಸಾಕಿದೋರು ನಮ್ಮ ಕಾಲೇಜಲ್ಲಿ ಯಾರೂ ಇರಲಿಕ್ಕಿಲ್ಲ, ಹ್ಯಾಮ್‌ಸ್ಟರ್ ಇದಾವೆ. ಯಾವ ಬ್ಲಾಕು, ಯಾವ ರೂಮು ಅಂತ ಹೇಳಲ್ಲ, ವಾರ್ಡನ್ ಸಾರ್ ಕೂಡ ಈ ಪತ್ರಿಕೆ ಓದ್ತಾರೆ. ಹೋದ ತಿಂಗಳು ನಮ್ಮ ಬ್ಯಾಚ್ ಗ್ರೂಪಿಗೆ ಒಂದು ವಿಡಿಯೋ ಬಂತು. ಹಾಸ್ಟೆಲ್ ಬಕೆಟ್ಟಿನ ಮಗ್ಗಲ್ಲಿ ಶಾಂಪೂ ನೀರು, ಅದರೊಳಗೆ ಹ್ಯಾಮ್‌ಸ್ಟರ್, ಹಿಂದೆ ನಾಲ್ಕು ಜನರ ನಗು. ಗೆಳೆಯರೇ, ಅದಕ್ಕೂ ನೀರು ಬೇಡ. ಚಿಂಚಿಲ್ಲಾದ ನುಣ್ಣನೆ ಪುಡಿಯೂ ಬೇಡ, ಅದರ ಉಸಿರಾಟಕ್ಕೆ ಒಳ್ಳೇದಲ್ಲ. ಶುದ್ಧವಾದ, ಧೂಳಿಲ್ಲದ ಒಣ ಸಣ್ಣ ಮರಳು ಒಂದು ಡಬ್ಬಿ ಸಾಕು. ಸಿವಿಲ್ ಲ್ಯಾಬಲ್ಲಿ ಮರಳನ್ನ ತೊಳೆದು, ಓವನಲ್ಲಿ ಒಣಗಿಸಿ, ಜಾಲಿಸಿಕೊಡೋಕೆ ನಾನು ರೆಡಿ. ರೂಮ್ ನಂಬರ್ ಕೇಳಲ್ಲ. ಆ ವಿಡಿಯೋ ಮಾತ್ರ ಡಿಲೀಟ್ ಮಾಡಿ.